ಭಯ ಬೋಟಿನ ಮೇಲೇ ಜಾಸ್ತಿ

ನೀರಿನ ಮಾತು: ಓದುಗರ ಪ್ರಶ್ನೆ, ಡೈವಿಂಗ್ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಹೋದ ವರ್ಷ ಸ್ಕೂಬಾ ಡೈವಿಂಗ್‌ನ ಓಪನ್ ವಾಟರ್ ಕೋರ್ಸ್ ಮುಗಿಸಿದೆ. 18 ಮೀಟರ್‌ವರೆಗೆ ಇಳಿಯಬಹುದು ಅಂತ ಕಾರ್ಡ್ ಕೊಟ್ಟಿದ್ದಾರೆ. ಈಗ ಗೆಳೆಯರ ಜೊತೆ ಅಂಡಮಾನಿಗೆ ಹೊರಟಿದ್ದೇನೆ. ಅಲ್ಲಿ ಅಡ್ವಾನ್ಸ್ಡ್ ಕೋರ್ಸ್. ಅದರಲ್ಲಿ 30 ಮೀಟರ್‌ನ ಡೀಪ್ ಡೈವ್ ಒಂದಿದೆ. ಟಿಕೆಟ್ ಆಗಿದೆ, ದುಡ್ಡೂ ಕಟ್ಟಿ ಆಗಿದೆ. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಸುತ್ತ ಬರೀ ನೀಲಿ ನೀರು, ತಳ ಕಾಣುತ್ತಿಲ್ಲ, ಬಾಯಿಗೆ ಗಾಳಿ ಬರುತ್ತಿಲ್ಲ. ಗೆಳೆಯರಿಗೆ ಹೇಳಿದರೆ 'ದಮ್ ಇಲ್ಲ ಬಿಡಲೇ ನಿನಗ' ಅಂತ ನಗುತ್ತಾರೆ. ಅಷ್ಟು ಕೆಳಗೆ ಗಾಳಿ ನಿಂತರೆ ಏನು ಗತಿ? ಗಾಬರಿಯಾದರೆ ಸರ್ರನೆ ಮೇಲೆ ಬರುವ ಹಾಗೂ ಇಲ್ಲ. ಈ ಭಯ ಹೋಗಿಸುವುದು ಹೇಗೆ?
(ಹೆಸರು ಬೇಡ, ಸಿಂಧನೂರು)

ಉತ್ತರ: ತಮ್ಮಾ, ನಾನು ಮುನಿರಾಬಾದಿನವಳು. ನಮ್ಮೂರ ಡ್ಯಾಮಿನಿಂದ ಎಡದಂಡೆ ಕಾಲುವೆಗೆ ಬಿಟ್ಟ ನೀರಿನಲ್ಲೇ ನಿಮ್ಮ ಗಿರಣಿಗೆ ಬರುವ ಭತ್ತ ಬೆಳೆಯುತ್ತದೆ. ಆ ಸಲುಗೆಯಲ್ಲಿ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಭಯ ಹೋಗಿಸುವ ಗೋಜಿಗೆ ಹೋಗಬೇಡ. ಮೊದಲ ಡೀಪ್ ಡೈವ್‌ಗೆ ಚೂರೂ ಭಯ ಇಲ್ಲ ಎನ್ನುವವರನ್ನು ನಾನು ನನ್ನ ಪಕ್ಕದಲ್ಲೇ ಇಟ್ಟುಕೊಂಡು ಇಳಿಸುತ್ತೇನೆ. ಅವರು ಗಾಳಿಯ ಮೀಟರ್ ನೋಡುವುದನ್ನೇ ಮರೆಯುತ್ತಾರೆ. ಭಯ ಇರುವವನು ನೋಡುತ್ತಾನೆ, ಎರಡೆರಡು ಸಲ ನೋಡುತ್ತಾನೆ. ಆಳದಲ್ಲಿ ತೊಂದರೆ ತರುವುದು ಆತುರ. ಭಯ ಇದ್ದರೂ ಕೈಕಾಲು, ಉಸಿರು ನಿಧಾನ ಇದ್ದರೆ ಡೈವ್ ಚೆನ್ನಾಗಿಯೇ ಆಗುತ್ತದೆ.

ಈಗ ಲೆಕ್ಕಕ್ಕೆ ಬರೋಣ, ನೀನು ಲೆಕ್ಕದ ಮನುಷ್ಯ ತಾನೆ. ತುಂಗಭದ್ರಾ ಅಣೆಕಟ್ಟಿನ ಎತ್ತರ ಸುಮಾರು 49 ಮೀಟರ್. ನೀನು ಇಳಿಯಬೇಕಾದ 30 ಮೀಟರ್ ಅಂದರೆ ಅದರ ಐದರಲ್ಲಿ ಮೂರು ಪಾಲು. ಡ್ಯಾಮಿನ ಮೇಲೆ ನಿಂತು ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ ನಿಜ. ಆದರೆ ನೀರಿನೊಳಗೆ ನಿನ್ನ ಮೈಗೆ ಗೊತ್ತಾಗುವುದು ದೂರವಲ್ಲ, ಒತ್ತಡ. ದಡದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವನ್ನು 1 ಅಂತ ಇಟ್ಟುಕೋ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ಕೂಡುತ್ತದೆ. 10 ಮೀಟರಿಗೆ 2, 18ಕ್ಕೆ 2.8, 30ಕ್ಕೆ 4. ಈಗ ನೋಡು. ಮೊದಲ 10 ಮೀಟರಿನಲ್ಲೇ ಒತ್ತಡ ಎರಡು ಪಟ್ಟಾಗುತ್ತದೆ. ಕಿವಿ ನೋಯುವುದು, ಮಾಸ್ಕ್ ಮುಖಕ್ಕೆ ಒತ್ತುವುದು, ತೇಲಬೇಕೋ ಮುಳುಗಬೇಕೋ ತಿಳಿಯದೆ ಒದ್ದಾಡುವುದು ಎಲ್ಲಾ ಅಲ್ಲೇ ಜಾಸ್ತಿ. ಅದನ್ನು ನೀನು ದಾಟಿ ಬಂದಿದ್ದೀಯ. 20ರಿಂದ 30ಕ್ಕೆ ಒತ್ತಡ ಏರುವುದು 3ರಿಂದ 4ಕ್ಕೆ ಮಾತ್ರ. ಕಿವಿಯ ಮಟ್ಟಿಗೆ ಕೆಳಗಿನ 10 ಮೀಟರ್ ಮೇಲಿನ 10ಕ್ಕಿಂತ ಸುಲಭ.

ಹಾಗಂತ ಆಳದಲ್ಲಿ ಹೊಸದೇನೂ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎರಡು ಸಂಗತಿ ಬದಲಾಗುತ್ತವೆ. ಒಂದು ಗಾಳಿ, ಇನ್ನೊಂದು ತಲೆ.

ಗಾಳಿಯ ವಿಚಾರವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿನ್ನ ಭಯದ ಬೇರು ಅಲ್ಲೇ ಇದೆ. ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಿನ ಜಾಗ 11 ಲೀಟರಿನಷ್ಟು. ಅದಕ್ಕೆ 200 ಬಾರ್, ಅಂದರೆ ದಡದ ಒತ್ತಡದ ಸುಮಾರು 200 ಪಟ್ಟು, ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ನೀನು ನಿಮಿಷಕ್ಕೆ 20 ಲೀಟರ್ ಎಳೆಯುತ್ತೀಯ ಅಂತ ಇಟ್ಟುಕೊಂಡರೆ ದಡದಲ್ಲಿ ಕೂತು 110 ನಿಮಿಷ ಉಸಿರಾಡಬಹುದು. 30 ಮೀಟರಿನಲ್ಲಿ ಅದೇ ಉಸಿರಿಗೆ ನಾಲ್ಕು ಪಟ್ಟು ಗಾಳಿ ಬೇಕು. ನಿಮಿಷಕ್ಕೆ 80 ಲೀಟರ್. ಸಿಲಿಂಡರ್ 27 ನಿಮಿಷಕ್ಕೆ ಖಾಲಿ. ಅದರಲ್ಲೂ ಮೇಲೆ ಬರಲು ಗಾಳಿ ಉಳಿಸಿಕೊಳ್ಳಬೇಕು. ಹಾಗಾಗಿ ಡೀಪ್ ಡೈವ್ ಚಿಕ್ಕ ಡೈವ್. ಮೈಗೆ ಸೇರಿದ ನೈಟ್ರೋಜನ್ ಬಿಡಲು ನಡುವೆ ನಡುವೆ ಕಾಯದೆ ಮೇಲೆ ಬರಬಹುದಾದ ಅವಧಿಯೂ ಅಷ್ಟು ಆಳದಲ್ಲಿ ಒಂದು ಡೈವ್‌ಗೆ 20 ನಿಮಿಷದ ಆಸುಪಾಸಿನಲ್ಲೇ ಮುಗಿಯುತ್ತದೆ. ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ಅದನ್ನು ಎಣಿಸುತ್ತಾ ಹೋಗುತ್ತದೆ. ನಿನ್ನ ಕನಸಿನಲ್ಲಿ ಬರುವ ಆ ಕೊನೆಯಿಲ್ಲದ ನೀಲಿ ಇದೆಯಲ್ಲ, ನಿಜದಲ್ಲಿ ಅದಕ್ಕೆ ಗಡಿಯಾರ ಇದೆ.

ಈಗ ಗಾಬರಿ ಹೇಗೆ ಹುಟ್ಟುತ್ತದೆ ನೋಡು. ಆಳದಲ್ಲಿ ಗಾಳಿ ಮಂದವಾಗಿರುತ್ತದೆ, ಎಳೆಯಲು, ಬಿಡಲು ಸ್ವಲ್ಪ ಶ್ರಮ ಹೆಚ್ಚು. ಭಯ ಬಿದ್ದವನು ಚಿಕ್ಕ ಚಿಕ್ಕ ಉಸಿರು ಬೇಗ ಬೇಗ ಎಳೆಯುತ್ತಾನೆ. ಆಗ ಶ್ವಾಸಕೋಶದ ಕೆಟ್ಟ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಅದು ಏರಿದಾಗ ಮೆದುಳಿಗೆ ಬರುವ ಸುದ್ದಿ ಒಂದೇ: 'ಗಾಳಿ ಸಾಲುತ್ತಿಲ್ಲ'. ಸಿಲಿಂಡರಿನಲ್ಲಿ 150 ಬಾರ್ ಇರುತ್ತದೆ, ಆದರೂ ಉಸಿರು ಕಟ್ಟಿದಂತೆ ಅನಿಸುತ್ತದೆ. ಆಗ ಇನ್ನೂ ಬೇಗ ಎಳೆಯುತ್ತಾನೆ, ಇನ್ನೂ ಕೆಡುತ್ತದೆ. ಆಳದಲ್ಲಿ ಗಾಬರಿಯಾದವರನ್ನು ನಾನು ಹಿಡಿದು ನಿಲ್ಲಿಸಿದ ಎಷ್ಟೋ ಸಲ ಅವರ ಸಾಮಾನು ಸರಿಯಾಗಿಯೇ ಇತ್ತು. ಉಸಿರು ಬಿಡುವುದನ್ನು ಅವರು ಮರೆತಿದ್ದರು, ಅಷ್ಟೇ.

ಹಾಗಾಗಿ ಅಭ್ಯಾಸ ಮಾಡಬೇಕಾದದ್ದು ಉಸಿರು ಬಿಡುವುದನ್ನು. ಇದಕ್ಕೆ ಸಮುದ್ರ ಬೇಡ. ಗಿರಣಿಯಲ್ಲಿ ಲೆಕ್ಕ ಬರೆಯುವಾಗ ಕುರ್ಚಿಯಲ್ಲೇ ಕೂತು ಮಾಡು. ನಾಲ್ಕು ಎಣಿಸುತ್ತಾ ಒಳಗೆ, ಆರು ಏಳು ಎಣಿಸುತ್ತಾ ಬಾಯಿಂದ ಹೊರಗೆ. ಹಿಡಿದು ನಿಲ್ಲಿಸಬೇಡ, ನೀರಿನೊಳಗೆ ಉಸಿರು ಹಿಡಿಯುವ ಚಟ ಬರಬಾರದು. ಮೇಲೆ ಬರುವಾಗ ಉಸಿರು ಹಿಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಕೋರ್ಸಿನಲ್ಲಿ ಹೇಳಿಕೊಟ್ಟ ಮೊದಲ ನಿಯಮ ಅದೇ ಅಲ್ವಾ.

ಕೆಳಗೆ ಗಾಬರಿ ಅನಿಸಿದರೆ ಈಜುವುದನ್ನು ನಿಲ್ಲಿಸು. ಹಗ್ಗವೋ ಬರೀ ಬಂಡೆಯೋ ಸಿಕ್ಕರೆ ಹಿಡಿದುಕೋ, ಹವಳವನ್ನಲ್ಲ. ಉದ್ದಕ್ಕೆ ಉಸಿರು ಬಿಡು, ಗುಳ್ಳೆಯ ಸದ್ದು ಕೇಳು. ಹೀಗೆ ನಾಲ್ಕಾರು ಉಸಿರು ಆಗುವವರೆಗೆ ಯಾವ ನಿರ್ಧಾರವನ್ನೂ ಮಾಡಬೇಡ. ಆಮೇಲೆ ಮೀಟರ್ ನೋಡು, ಜೊತೆಗಾರನನ್ನು ನೋಡು.

'ಗಾಳಿ ನಿಂತರೆ' ಅಂತ ಕೇಳಿದ್ದೀಯ. ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಕೆಟ್ಟರೆ ಹೆಚ್ಚಾಗಿ ಗಾಳಿ ನಿಲ್ಲುವುದಿಲ್ಲ, ಬುಸ್ಸೆಂದು ಸುರಿಯತೊಡಗುತ್ತದೆ. ಅದರ ವಾಲ್ವನ್ನು ಹಾಗೆಯೇ ಮಾಡಿರುತ್ತಾರೆ. ಸುರಿಯುವ ಗಾಳಿಯಲ್ಲೂ ಉಸಿರಾಡಬಹುದು, ಅದನ್ನು ಕಲಿಸಿಯೂ ಇರುತ್ತಾರೆ. ಗಾಳಿ ನಿಜವಾಗಿ ಮುಗಿಯುವುದು ಮೀಟರ್ ನೋಡದೇ ಹೋದಾಗ. ಹಾಗಾದರೂ ಜೊತೆಗಾರನ ಬಳಿ ಹಳದಿ ಪೈಪಿನ ಇನ್ನೊಂದು ರೆಗ್ಯುಲೇಟರ್ ಇರುತ್ತದೆ. ಅದಕ್ಕೇ ಆಳದಲ್ಲಿ ಅವನು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಡೀಪ್ ಡೈವ್‌ನ ಹಿಂದಿನ ದಿನ 5 ಮೀಟರ್ ನೀರಿನಲ್ಲಿ ಗಾಳಿ ಹಂಚಿಕೊಳ್ಳುವುದನ್ನು ಇನ್ನೊಮ್ಮೆ ಮಾಡಿಸಿ ಅಂತ ಕೇಳು. ಮಾಸ್ಕಿಗೆ ನೀರು ತುಂಬಿ ಹೊರಹಾಕುವುದನ್ನೂ ಕೇಳು. ಕೇಳಿದರೆ ಯಾರೂ ನಗುವುದಿಲ್ಲ. ನಕ್ಕರೆ ಅಂಥವರ ಹತ್ತಿರ ಕಲಿಯಬೇಡ.

ಇನ್ನು 'ಸರ್ರನೆ ಮೇಲೆ ಬರಲಾಗದು' ಎಂಬ ಭಯ. ಮೈಗೆ ಸೇರಿದ ನೈಟ್ರೋಜನ್ ಗುಳ್ಳೆಯಾಗಬಾರದು ಅಂತ ನಿಧಾನ ಬರುವುದು. ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಬಂದರೆ 30 ಮೀಟರ್ ಏರಲು ಮೂರು ನಿಮಿಷ ಚಿಲ್ಲರೆ. ನಡುವೆ ಮುನ್ನೆಚ್ಚರಿಕೆಗೆ ಅಂತ 5 ಮೀಟರಿನಲ್ಲಿ 3 ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್. ಒಟ್ಟು ಆರೇಳು ನಿಮಿಷ. ಉಳಿಸಿಕೊಂಡ ಗಾಳಿ ಇಷ್ಟಕ್ಕೇ.

ತಲೆಯ ವಿಚಾರ ಇದಕ್ಕಿಂತ ತಮಾಷೆಯಾಗಿದೆ. 30 ಮೀಟರ್ ಹತ್ತಿರ ಬಂದಂತೆ ಗಾಳಿಯಲ್ಲಿರುವ ನೈಟ್ರೋಜನ್ ಸ್ವಲ್ಪ ಮಂಪರು ಹಿಡಿಸುತ್ತದೆ. ನಾರ್ಕೋಸಿಸ್ ಅಂತಾರೆ. ಕೆಲವರಿಗೆ ಸುಮ್ನೆ ನಗು ಬರುತ್ತದೆ, ಕೆಲವರಿಗೆ ಕಾರಣವಿಲ್ಲದೆ ಕಳವಳ. ಕೋರ್ಸಿನಲ್ಲಿ ಇದನ್ನು ತೋರಿಸಲು ಬೋಟಿನ ಮೇಲೊಮ್ಮೆ, ಕೆಳಗೊಮ್ಮೆ ಚಿಕ್ಕ ಲೆಕ್ಕ ಮಾಡಿಸುತ್ತೇವೆ. ಗಂಗಾವತಿಯ ಒಬ್ಬ ಹುಡುಗಿಗೆ ಏಳರ ಮಗ್ಗಿ ಕೊಟ್ಟಿದ್ದೆ. ಮೇಲೆ ಗಡಗಡ ಬರೆದಳು. ಕೆಳಗೆ ಏಳೈದ್ಲೆ ಮೂವತ್ತೈದಕ್ಕೆ ಬಂದು ಸ್ಲೇಟನ್ನೇ ನೋಡುತ್ತಾ ನಿಂತುಬಿಟ್ಟಳು. ಬ್ಯಾಂಕ್ ಪರೀಕ್ಷೆ ಪಾಸಾದವಳು! ನಾಲ್ಕೈದು ಮೀಟರ್ ಮೇಲೆ ಕರೆದುಕೊಂಡು ಬಂದ ಕೂಡಲೇ ತಲೆ ತಿಳಿಯಾಯಿತು. ಮಂಪರಿಗೆ ಮದ್ದು ಅದೇ, ಸ್ವಲ್ಪ ಮೇಲೆ ಬರುವುದು. ಹಾಗಾಗಿ ಕೆಳಗೆ ಇದ್ದಕ್ಕಿದ್ದಂತೆ ಮನಸ್ಸು ಕೆಟ್ಟರೆ 'ನನಗೆ ಧೈರ್ಯ ಇಲ್ಲ' ಅಂತ ತಿಳಿಯಬೇಡ. ನೈಟ್ರೋಜನ್ ಇರಬಹುದು. ಗೈಡ್‌ಗೆ ಅಂಗೈ ಅಲ್ಲಾಡಿಸಿ 'ಸರಿಯಿಲ್ಲ' ಅಂತ ಸನ್ನೆ ಮಾಡು.

ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ, ಇದನ್ನು ಮೊದಲೇ ತಿಳಿಸದೆ ಪಜೀತಿಯಾಗುವುದುಂಟು. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಕೊಪ್ಪಳದ ಕಡೆಯ ಹುಡುಗ ಒಬ್ಬ ಹುಲಿಗೆಮ್ಮನ ಗುಡಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರದೊಂದಿಗೆ ಇಳಿದಿದ್ದ. 25 ಮೀಟರಿನಲ್ಲಿ ಕೈ ನೋಡಿಕೊಂಡರೆ ದಾರ ಕಪ್ಪಾಗಿದೆ. ಅಮ್ಮ ಮುನಿದಳು ಅಂತ ಅವನ ಎದೆ ಒಡೆದುಹೋಯಿತು. ಮಾಸ್ಕಿನ ಒಳಗೆ ಕಣ್ಣು ಇಷ್ಟಗಲ. ನಾನು ಟಾರ್ಚ್ ಹಾಕಿದೆ, ದಾರ ಮತ್ತೆ ಕೆಂಪಾಯಿತು. ಗಾಯವಾಗಿ ರಕ್ತ ಬಂದರೂ ಅಲ್ಲಿ ಹಸಿರು ಹಸಿರಾಗಿ ಕಾಣುತ್ತದೆ. ಮಾಸ್ಕಿನೊಳಗೆ ಗಾಳಿ ಇರುವುದರಿಂದ ಮೀನು ಇದ್ದದ್ದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಬಂದು ಹೇಳುವ ಕಥೆಗಳಲ್ಲಿ ಅದು ಇನ್ನೂ ಬೆಳೆಯುತ್ತದೆ, ಅದು ಬೇರೆ ಮಾತು.

ಆ ದಿನ ಏನು ಮಾಡಬೇಕು? ಹಿಂದಿನ ರಾತ್ರಿ ಎಣ್ಣೆ ಪಾರ್ಟಿ ಬೇಡ, ಗೆಳೆಯರು ಎಷ್ಟೇ ಕರೆದರೂ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತರಹದ್ದು ತಿಂದು ಬೋಟ್ ಹತ್ತಬೇಡ. ನಮ್ಮ ಕಡೆಯವರ ಭಯದಲ್ಲಿ ಅರ್ಧ ಭಯ ಹೊಟ್ಟೆ ತೊಳೆಸುವುದರಿಂದಲೇ ಬರುತ್ತದೆ. ಬೋಟ್ ನಿಂತಾಗ ಓಲಾಡುವುದು ಜಾಸ್ತಿ. ಅಲ್ಲಿ ಕೂತು ಕಾಯುವ ಹೊತ್ತೇ ಎಲ್ಲಕ್ಕಿಂತ ಕಷ್ಟ, ನೀರಿಗೆ ಇಳಿದ ಮೇಲೆ ಅಷ್ಟಿಲ್ಲ. ಆ ಹೊತ್ತಿಗೆ ಕೈಗೆ ಕೆಲಸ ಕೊಡು. ಸಿಲಿಂಡರ್ ವಾಲ್ವ್ ತೆರೆದಿದೆಯಾ, ಬೆಲ್ಟ್ ಬಿಗಿ ಇದೆಯಾ, ತೇಲಲು ಹಾಕುವ ಜಾಕೆಟ್ಟಿಗೆ ಗಾಳಿ ತುಂಬುತ್ತಿದೆಯಾ ಅಂತ ನಿನ್ನದನ್ನೂ ಜೊತೆಗಾರನದನ್ನೂ ನೀನೇ ಮುಟ್ಟಿ ನೋಡು.

ಗೈಡ್ ಹತ್ತಿರ ಬಾಯಿ ಬಿಟ್ಟು ಹೇಳು, 'ನನಗೆ ಆಳ ಅಂದರೆ ಭಯ, ಹಗ್ಗ ಹಿಡಿದು ಇಳಿಯುತ್ತೇನೆ' ಅಂತ. ಮೇಲೂ ಕಾಣದೆ ಕೆಳಗೂ ಕಾಣದೆ ಬರೀ ನೀಲಿಯಲ್ಲಿ ಇಳಿಯುವಾಗಲೇ ಭಯ ಜಾಸ್ತಿ. ಕಣ್ಣ ಮುಂದೆ ಹಗ್ಗ ಇದ್ದರೆ ನೋಡಲು ಏನೋ ಒಂದು ಇರುತ್ತದೆ. 5 ಮೀಟರಿನಲ್ಲಿ ಒಮ್ಮೆ, 18ರ ಹತ್ತಿರ ಇನ್ನೊಮ್ಮೆ ನಿಲ್ಲೋಣ ಅಂತ ಮೊದಲೇ ಮಾತಾಡಿಕೋ. ಇಳಿದಂತೆ ಡೈವಿಂಗ್ ಸೂಟ್ ಕುಗ್ಗಿ ಮೈ ಭಾರವಾಗುತ್ತದೆ, ತಾನಾಗಿ ಬೇಗ ಇಳಿಯತೊಡಗುತ್ತೀಯ. ಜಾಕೆಟ್ಟಿಗೆ ಚೂರು ಚೂರೇ ಗಾಳಿ ಬಿಟ್ಟುಕೋ.

ಕೊನೆಗೆ ಆ ಗೆಳೆಯರ ವಿಷಯ. ಹೆಬ್ಬೆರಳು ಮೇಲೆತ್ತಿದರೆ ನೀರಿನೊಳಗೆ 'ಸೂಪರ್' ಅಂತಲ್ಲ, 'ಮೇಲೆ ಹೋಗೋಣ' ಅಂತ. ಯಾವ ಡೈವರ್ ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ ಅದನ್ನು ತೋರಿಸಬಹುದು. ಕಾರಣ ಕೇಳುವಂತಿಲ್ಲ. ಡೈವಿಂಗ್‌ನವರು ಒಪ್ಪಿಕೊಂಡಿರುವ ಕಟ್ಟಳೆ ಇದು. 'ದಮ್ ಇಲ್ಲ' ಎನ್ನುವ ಗೆಳೆಯನಿಗೆ ಹೆಬ್ಬೆರಳು ತೋರಿಸಲು ನಿನಗೆ ನಾಚಿಕೆಯಾಗುತ್ತದೆ. ಅದಕ್ಕೇ ಅವನನ್ನು ನಿನ್ನ ಡೈವಿನ ಜೊತೆಗಾರ ಮಾಡಿಕೊಳ್ಳಬೇಡ. ಇನ್‌ಸ್ಟ್ರಕ್ಟರ್‌ನ ಜೊತೆ ಇಳಿ. ಬೋಟಿನ ಮೇಲೆ ಕೂತಾಗಲೇ ಬೇಡ ಅನಿಸಿದರೆ ಅಲ್ಲೇ ಬೇಡ ಅನ್ನು. ದುಡ್ಡು ಹೋಗುತ್ತೆ ಅಲ್ವಾ ಅಂತೀಯ. ಹೋಗಲಿ. ಹವಳ, ಬಣ್ಣದ ಮೀನು, ಬಿಸಿಲು ಎಲ್ಲಾ 15 ಮೀಟರಿನೊಳಗೇ ಚೆಂದ. ನಾನು ರಜೆಯಲ್ಲಿ ನನ್ನ ಖುಷಿಗೆ ಇಳಿದರೆ ಅಷ್ಟರೊಳಗೇ ಇರುತ್ತೇನೆ.

ಪ್ರಶ್ನೆ: ಮಗಳು ಡೈವಿಂಗ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೇಡ ಅನ್ನಲು ಮನಸ್ಸಿಲ್ಲ, ಕಳಿಸಲು ಧೈರ್ಯವಿಲ್ಲ. ಅಲ್ಲಿಯವರಿಗೆ ಏನು ಕೇಳಬೇಕು ಮೇಡಂ?
(ಒಬ್ಬ ತಾಯಿ, ಕೊಪ್ಪಳ)

ಉತ್ತರ: ಅಮ್ಮಾ, ಫೋನಿನಲ್ಲೇ ಕೇಳಿ. ಒಬ್ಬ ಇನ್‌ಸ್ಟ್ರಕ್ಟರ್ ಎಷ್ಟು ಜನರನ್ನು ಇಳಿಸುತ್ತಾರೆ? ಇಬ್ಬರು ಮೂವರಾದರೆ ಒಳ್ಳೆಯದು. ಬೋಟಿನಲ್ಲಿ ಆಕ್ಸಿಜನ್ ಇದೆಯಾ? ಡೈವಿಂಗ್‌ನಿಂದ ತೊಂದರೆಯಾದವರನ್ನು ಕೂರಿಸುವ ಪ್ರೆಷರ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ? ಆರೋಗ್ಯದ ಫಾರ್ಮ್ ತುಂಬಿಸುತ್ತಾರಾ? 'ಅದೆಲ್ಲಾ ಏನೂ ಬೇಡಮ್ಮ, ನಾವಿದ್ದೀವಲ್ಲ' ಅಂತ ಉತ್ತರ ಬಂದರೆ ಬೇರೆ ಕಡೆ ಫೋನ್ ಮಾಡಿ. ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರೆ ಕಳಿಸಿ. ಮಗಳಿಗೆ ಒಂದೇ ಮಾತು ಹೇಳಿ ಕಳಿಸಿ: ಬೇಡ ಅನಿಸಿದರೆ ವಾಪಸ್ ಬಂದುಬಿಡು, ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಪ್ರಶ್ನೆ: ನನಗೆ 46 ವರ್ಷ. ಬಿಪಿ ಮಾತ್ರೆ ನುಂಗುತ್ತೇನೆ. ನೆಗಡಿಯೂ ಪದೇಪದೇ ಬರುತ್ತದೆ. ಡೈವ್ ಮಾಡಬಹುದಾ?
(ಬಳ್ಳಾರಿ)

ಉತ್ತರ: ಅಣ್ಣಾ, ಇದಕ್ಕೆ ಉತ್ತರ ನನ್ನದಲ್ಲ, ಡಾಕ್ಟರದ್ದು. ಡೈವಿಂಗ್ ಫಾರ್ಮನ್ನು ಅವರಿಗೇ ತೋರಿಸಿ ಸಹಿ ಹಾಕಿಸಿ. ಬಿಪಿ ಹತೋಟಿಯಲ್ಲಿದ್ದರೆ ಎಷ್ಟೋ ಜನರಿಗೆ ಒಪ್ಪಿಗೆ ಸಿಗುತ್ತದೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಏನೇ ಆಗಿದ್ದರೂ ಮುಚ್ಚಿಡಬೇಡಿ. ನೆಗಡಿ ಇರುವ ದಿನ ಮಾತ್ರ ಖಂಡಿತ ಬೇಡ. ಮೂಗು ಬಿಡಿಸುವ ಔಷಧಿ ಹಾಕಿಕೊಂಡು ಇಳಿದರೆ ಅದರ ಜೋರು ನೀರಿನೊಳಗೇ ಇಳಿದುಹೋಗಬಹುದು. ಆಗ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಗೆ ಬರಲು ದಾರಿ ಇರುವುದಿಲ್ಲ.

ಪ್ರಶ್ನೆ: ಸಮುದ್ರಕ್ಕೆ ಹೋಗುವ ಮುಂಚೆ ತುಂಗಭದ್ರಾ ಡ್ಯಾಮಿನಲ್ಲೇ ಪ್ರಾಕ್ಟೀಸ್ ಮಾಡಿದರೆ ಹೇಗೆ?
(ಕಾಲೇಜು ವಿದ್ಯಾರ್ಥಿಗಳು, ಗಂಗಾವತಿ)

ಉತ್ತರ: ಬೇಡ್ರಪ್ಪಾ. ಹೂಳಿನ ನೀರು, ಕೆಳಗೆ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಗೇಟು, ಕಾಲುವೆಯ ಬಾಯಿ ಇರುವ ಕಡೆ ನೀರಿನ ಸೆಳೆತ ಎಷ್ಟಿರುತ್ತದೆ ಅಂತ ಮೇಲಿನಿಂದ ಗೊತ್ತೇ ಆಗುವುದಿಲ್ಲ. 2024ರ ಆಗಸ್ಟಿನಲ್ಲಿ ಚೈನ್ ತುಂಡಾಗಿ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಅಷ್ಟು ಜೋರು ಆ ನೀರಿಗೆ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಡ್ಯಾಮ್ ತುಂಬಿದಾಗ ನೀರಿನ ಮಟ್ಟ 1,633 ಅಡಿ, ಅಂದರೆ ಸಮುದ್ರ ಮಟ್ಟದಿಂದ ಸುಮಾರು 498 ಮೀಟರ್. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ ಡೈವಿಂಗ್‌ನ ಸಾಮಾನ್ಯ ಪಟ್ಟಿಗಳು ಸಮುದ್ರ ಮಟ್ಟಕ್ಕೆ ಮಾಡಿದವು. 300 ಮೀಟರ್ ದಾಟಿದ ಜಾಗದಲ್ಲಿ ಇಳಿಯಲು ಬೇರೆ ಲೆಕ್ಕ, ಬೇರೆ ತರಬೇತಿ ಬೇಕು. ಕಾಲುವೆಯೂ ಬೇಡ. ಜೀವರಕ್ಷಕರು ಇರುವ ಈಜುಕೊಳಕ್ಕೆ ಹೋಗಿ ಈಜಿನ ದಮ್ ಬೆಳೆಸಿಕೊಳ್ಳಿ, ಅಷ್ಟು ಸಾಕು.

ಪ್ರಶ್ನೆ: ನಾವು ನಾಲ್ಕು ಜನ ಶನಿವಾರ, ಭಾನುವಾರ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಭಾನುವಾರ ಸಂಜೆಯೇ ಕಾರು ಹತ್ತಿ ಊರಿಗೆ ಬರುವ ಪ್ಲಾನ್. ವಿಮಾನ ಹತ್ತಬಾರದು ಅಂತ ಕೇಳಿದ್ದೇವೆ, ಕಾರಿಗೆ ಏನೂ ಇಲ್ಲ ತಾನೆ?
(ಬಳ್ಳಾರಿ)

ಉತ್ತರ: ಇದೆ. ಮುರ್ಡೇಶ್ವರದಿಂದ ನೀವು ಘಟ್ಟ ಹತ್ತಿಯೇ ಬರಬೇಕು. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ. ಡೈವ್ ಮುಗಿದ ಮೇಲೂ ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತದೆ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು. ವಿಮಾನಕ್ಕೆ ಹೇಳುವ ಕಾಯುವ ಲೆಕ್ಕ 600 ಮೀಟರ್ ದಾಟುವ ರಸ್ತೆಗೂ ಅನ್ವಯಿಸುತ್ತದೆ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ನಿಮ್ಮ ಹಾಗೆ ಎರಡು ದಿನ ಇಳಿದವರಿಗೆ ಕನಿಷ್ಠ 18 ಗಂಟೆ. ಭಾನುವಾರ ರಾತ್ರಿ ಕರಾವಳಿಯಲ್ಲೇ ಉಳಿದು ಸಮುದ್ರದ ಗಾಳಿ ಕುಡಿಯಿರಿ. ಸೋಮವಾರಕ್ಕೆ ಈಗಲೇ ರಜೆ ಚೀಟಿ ಬರೆದಿಡಿ.